ದಾವಣಗೆರೆಯಲ್ಲಿ ದೊಡ್ಡ ಮನೆ ಕಟ್ಟಿಸುವವರು, ಹಳೆ ಮನೆ ಸರಿಪಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಲವತ್ತು ಅರವತ್ತರ ಸೈಟಿನಲ್ಲೋ ಅದಕ್ಕಿಂತ ದೊಡ್ಡ ಜಾಗದಲ್ಲೋ ತಮ್ಮ ಮನಸ್ಸಿಗೆ ಒಪ್ಪುವ ಮನೆ ಕಟ್ಟಿಸಬೇಕು ಅನ್ನುವವರು ಮನೆ ಕಟ್ಟಿಕೊಡುವ ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಇವೇ. ಇಲ್ಲಿ ಟೈಲ್ಸ್, ಬಣ್ಣದ ಮಾತಿಗಿಂತ ಮಣ್ಣು, ನೀರು, ಕಾಗದದ ಮಾತೇ ಜಾಸ್ತಿ. ಬೇಕಂತಲೇ ಹಾಗೆ ಬರೆದಿದ್ದೇವೆ. ಬಣ್ಣ ಹಿಡಿಸದಿದ್ದರೆ ಮುಂದಿನ ದೀಪಾವಳಿಗೆ ಬೇರೆ ಹೊಡೆಸಬಹುದು, ಪಾಯಕ್ಕೆ ಆ ಸವಲತ್ತಿಲ್ಲ.

ನಮ್ಮ ಸೈಟು ಎರೆ ಮಣ್ಣಿನದು. ಮನೆ ನಿಲ್ಲುತ್ತಾ?

ನಿಲ್ಲುತ್ತದೆ. ಆದರೆ ಪಕ್ಕದ ಮನೆಯವರು ನಾಲ್ಕು ಅಡಿ ಪಾಯ ತೆಗೆದಿದ್ದಾರೆ, ನಮಗೂ ಅಷ್ಟೇ ಸಾಕು ಅನ್ನುವ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಏಪ್ರಿಲ್ ತಿಂಗಳಲ್ಲಿ ಒಂದು ಖಾಲಿ ಎರೆ ಸೈಟಿಗೆ ಹೋಗಿ ನೋಡಿ. ನೆಲ ಬಾಯಿಬಿಟ್ಟಿರುತ್ತದೆ, ಬಿರುಕಿನೊಳಗೆ ಅಂಗೈ ತೂರುತ್ತದೆ. ಜುಲೈನಲ್ಲಿ ಅದೇ ಜಾಗ ಅಂಟಂಟಾಗಿ ಕಾಲಿನ ಚಪ್ಪಲಿ ಹಿಡಿದು ಬಿಡುವುದಿಲ್ಲ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ಭಾರಕ್ಕೆ ಮಣ್ಣು ಕುಸಿಯುವುದು ಒಂದು ಭಯ, ಮಣ್ಣೇ ಮನೆಯನ್ನು ಮೇಲಕ್ಕೆ ಒತ್ತುವುದು ಇನ್ನೊಂದು. ಎರೆ ಮಣ್ಣಿನಲ್ಲಿ ಎರಡನೆಯದೇ ಹೆಚ್ಚು ಕಾಡುತ್ತದೆ. ಒಂದು ಮೂಲೆಯಲ್ಲಿ ಬಚ್ಚಲ ನೀರು ಇಂಗಿ ಮಣ್ಣು ಉಬ್ಬಿ, ಇನ್ನೊಂದು ಮೂಲೆ ಒಣಗಿಯೇ ಇದ್ದರೆ ಗೋಡೆ ಅಡ್ಡಡ್ಡ ಸೀಳುತ್ತದೆ.

ಆದ್ದರಿಂದ ಮೊದಲು ಸಾಯಿಲ್ ಟೆಸ್ಟ್. ಸೈಟಿನ ಎರಡು ಮೂರು ಕಡೆ ಆಳಕ್ಕೆ ಕೊರೆಸಿ, ಎರೆ ಎಷ್ಟು ಅಡಿಗೆ ಮುಗಿಯುತ್ತದೆ, ಗಟ್ಟಿ ಗರಸು ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕು. ಆರೇಳು ಅಡಿಗೆ ಗರಸು ಸಿಕ್ಕರೆ ಅಲ್ಲಿಯವರೆಗೆ ಅಗೆದು ಫುಟಿಂಗ್ ಕೂರಿಸುವುದೇ ಸರಳ. ಎರೆ ಇನ್ನೂ ಆಳಕ್ಕೆ ಹೋದರೆ ಅಂಡರ್ ರೀಮ್ಡ್ ಪೈಲ್ ಹಾಕುತ್ತೇವೆ. ತಳದಲ್ಲಿ ಗುಂಡಗೆ ಅಗಲವಾಗುವ ಕಾಂಕ್ರೀಟ್ ಕಂಬಗಳಿವು, ಆಳ ಕನಿಷ್ಠ ಮೂರೂವರೆ ಮೀಟರ್. ಮಳೆ ಬಿಸಿಲಿಗೆ ಮಣ್ಣು ಉಬ್ಬಿ ಕುಗ್ಗುವ ಪದರವನ್ನು ದಾಟಿ ಕೆಳಗೆ ಹೋಗಿ ಹಿಡಿಯಲಿ ಅಂತ ಅಷ್ಟು ಆಳ. ಮೇಲೆ ಗೋಡೆ ಹೊರುವ ಪ್ಲಿಂತ್ ಬೀಮಿಗೂ ಮಣ್ಣಿಗೂ ನಡುವೆ ಸುಮಾರು ಮೂರು ಇಂಚು ಖಾಲಿ ಬಿಡಬೇಕು. ಮೇಸ್ತ್ರಿಗಳು ಇದನ್ನು ಮಣ್ಣು ತುಂಬಿ ಮುಚ್ಚಿಬಿಡುತ್ತಾರೆ, ಮೇಲೆ ನಿಂತು ನೋಡಿಕೊಳ್ಳಿ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾವೇ ಹೇಳುತ್ತೇವೆ. ಪಾಯದಿಂದ ತೆಗೆದ ಎರೆ ಮಣ್ಣನ್ನೇ ಒಳಗೆ ತುಂಬಿಸಬೇಡಿ. ಲಾರಿ ಬಾಡಿಗೆ ಉಳಿಯುತ್ತದೆ ಅಂತ ತುಂಬಿಸುತ್ತಾರೆ. ಎರಡನೇ ಮಳೆಗಾಲಕ್ಕೆ ಹಾಲ್‌ನ ನಡುವೆ ಗ್ರಾನೈಟ್ ಎದ್ದು ನಿಲ್ಲುತ್ತದೆ. ಎರೆಯನ್ನು ಹೊರಗೆ ಸಾಗಿಸಿ, ಗರಸು ತಂದು, ಅರ್ಧ ಮುಕ್ಕಾಲು ಅಡಿಯ ಪದರಗಳಲ್ಲಿ ನೀರು ಹಾಕಿ ಧಮ್ಮಸ್ಸು ಮಾಡಬೇಕು.

ಹಿಂದೆ ಭತ್ತದ ಗದ್ದೆಯಾಗಿದ್ದ ಬಡಾವಣೆ. ಬೇರೆ ಏನಾದರೂ ನೋಡಬೇಕಾ?

ಭದ್ರಾ ನಾಲೆಯಲ್ಲಿ ನೀರು ಹರಿಯುತ್ತಿರುವಾಗ ಒಂದು ಗುಂಡಿ ತೆಗೆಸಿ ನೋಡಿ. ನಾಲೆ ನಿಂತಾಗ ಒಣಗಿ ಕಂಡ ಜಾಗದಲ್ಲಿ ಆಗ ನೀರು ಜಿನುಗಬಹುದು. ಹಾಗಿದ್ದರೆ ನೆಲಮಾಳಿಗೆಯ ಆಸೆ ಬಿಡಿ. ಸಂಪಿಗೂ ಹೊರಗಿನಿಂದ ವಾಟರ್‌ಪ್ರೂಫಿಂಗ್ ಮಾಡಿಸಿ.

ಕಾಗದ ಪತ್ರ ಏನೇನು ಸರಿ ಇರಬೇಕು?

ಬಡಾವಣೆಗೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಎಲ್ಲರ ಬಾಯಲ್ಲಿ ಇರುವ ದೂಡಾದ, ಅನುಮೋದನೆ ಇರಬೇಕು. ಭೂ ಪರಿವರ್ತನೆಯ ಆದೇಶ, ಮೂಲ ಪತ್ರಗಳು, ಕಾವೇರಿ ಪೋರ್ಟಲ್‌ನಿಂದ ತೆಗೆದ ಇ.ಸಿ. (ಋಣಭಾರ ಪ್ರಮಾಣಪತ್ರ), ಇ-ಖಾತೆ ಜೊತೆಗಿರಲಿ. ಪಾಲಿಕೆ ವ್ಯಾಪ್ತಿಯೊಳಗೆ ಇದ್ದರೆ ಕಟ್ಟಡದ ಲೈಸೆನ್ಸ್ ಪಾಲಿಕೆಯಿಂದ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ಅನುಮೋದನೆ ಸರಿಯಿಲ್ಲದ ಬಿ ಖಾತೆ ಸೈಟು ಅಗ್ಗಕ್ಕೆ ಸಿಗುತ್ತದೆ ನಿಜ. ಮುಂಗಡ ಕೊಡುವ ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ ಅದರ ಮೇಲೆ ಸಾಲ ಕೊಡುತ್ತೀರಾ ಎಂದು ಕೇಳಿ, ಉತ್ತರ ಅಲ್ಲೇ ಸಿಗುತ್ತದೆ.

ಲೈಸೆನ್ಸ್ ಪಡೆಯುವಾಗ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಕೂಡ ಕಟ್ಟಬೇಕಾಗುತ್ತದೆ: ನಿರ್ಮಾಣ ವೆಚ್ಚದ ಶೇ. 1. ಸ್ವಂತ ವಾಸದ ಮನೆ 10 ಲಕ್ಷದೊಳಗಿದ್ದರೆ ಮೊದಲು ವಿನಾಯಿತಿ ಇತ್ತು; 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ, ನಾವು ಮಾತಾಡುತ್ತಿರುವ ಮನೆಗಳು ಹೆಚ್ಚಾಗಿ ಅದನ್ನೂ ದಾಟುತ್ತವೆ.

ಪ್ಲಾನ್ ಒಂದು ಪಾಸ್ ಮಾಡಿಸಿ, ಕಟ್ಟುವಾಗ ಸ್ವಲ್ಪ ಹೆಚ್ಚು ಕಮ್ಮಿ ಮಾಡಿದರೆ?

ಮೊದಲು ನಡೆಯುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಪೂರ್ಣಗೊಂಡಿದೆ ಅಥವಾ ವಾಸಯೋಗ್ಯವಾಗಿದೆ ಎಂಬ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಎಂದು ಹೇಳಿದ ಮೇಲೆ ಆ ಧೈರ್ಯ ಬೇಡ. ಅರಮನೆಯಂಥ ಮನೆ ಕಟ್ಟಿ ಟೆಂಪರರಿ ಮೀಟರ್ ಮೇಲೆ ಬದುಕಬೇಕಾದೀತು. ಸುತ್ತ ಬಿಡಬೇಕಾದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಬಿಟ್ಟೇ ಕಟ್ಟಿ.

ಒಂದು ಚದರಕ್ಕೆ ಎಷ್ಟು ತಗೊಳ್ತೀರಾ?

ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ ಇದೇ, ನಾವು ಕೊನೆಯಲ್ಲಿ ಉತ್ತರ ಕೊಡುವ ಪ್ರಶ್ನೆಯೂ ಇದೇ.

ಚದರ ಅಂದರೆ ನೂರು ಚದರ ಅಡಿ, ಅದರಲ್ಲಿ ಜಗಳವಿಲ್ಲ. ಯಾವ ನೂರು ಅಡಿ ಅನ್ನುವುದರಲ್ಲಿದೆ ಜಗಳ. ಪೋರ್ಟಿಕೋ ಪೂರ್ತಿ ಲೆಕ್ಕವೋ ಅರ್ಧವೋ? ಎರಡು ಮಹಡಿ ಎತ್ತರದ ಹಾಲ್‌ನಲ್ಲಿ ಮೇಲೆ ಸ್ಲ್ಯಾಬ್ ಇಲ್ಲದ ಜಾಗ ಲೆಕ್ಕಕ್ಕೆ ಬರುತ್ತದೋ? ಸಂಪು, ಸೆಪ್ಟಿಕ್ ಟ್ಯಾಂಕ್, ಕಾಂಪೌಂಡ್, ಗೇಟು, ಬೋರ್‌ವೆಲ್, ಲಿಫ್ಟು, ಮೀಟರ್ ಬೋರ್ಡು ಒಳಗೋ ಹೊರಗೋ? ಪಾಯ ಎಷ್ಟು ಅಡಿ ಆಳದವರೆಗೆ? ಕಡಿಮೆ ರೇಟು ಹೇಳಿದವರ ಕಾಗದದಲ್ಲಿ ಇವೆಲ್ಲ ‘ಎಕ್ಸ್‌ಟ್ರಾ’ ಅಂತ ಕೊನೆ ಪುಟದಲ್ಲಿ ಇರುತ್ತವೆ, ಕೆಲವು ಸಲ ಇರುವುದೂ ಇಲ್ಲ. ಎರೆ ಮಣ್ಣಿನ ಊರಿನಲ್ಲಿ ‘ಐದು ಅಡಿವರೆಗೆ ಪಾಯ ಸೇರಿದೆ’ ಅನ್ನುವ ಒಂದೇ ಸಾಲು ನಿಮ್ಮ ಬಜೆಟ್ಟನ್ನು ತಲೆಕೆಳಗು ಮಾಡಬಲ್ಲದು.

ವಿಶೇಷವಾಗಿ ಕಟ್ಟಿಸುವ ಮನೆಗೆ ಚದರದ ರೇಟು ಬೇಡ, ಐಟಂ ಪ್ರಕಾರ ಎಸ್ಟಿಮೇಟ್ ಬರೆಸಿಕೊಳ್ಳಿ. ಕಾಂಕ್ರೀಟ್ ಘನ ಮೀಟರಿಗೆ, ಕಬ್ಬಿಣ ಕೆಜಿಗೆ, ಗೋಡೆ, ಪ್ಲಾಸ್ಟರ್, ಫ್ಲೋರಿಂಗ್ ಅಳತೆಗೆ. ಟೈಲ್ಸ್, ನಲ್ಲಿ, ಕಮೋಡು, ಸ್ವಿಚ್ಚುಗಳಿಗೆ ‘ಒಳ್ಳೆಯ ಕಂಪನಿಯದು’ ಎಂದು ಬರೆಯದೆ ಇಷ್ಟು ರೂಪಾಯಿವರೆಗಿನದು ಎಂದು ನಮೂದಿಸಬೇಕು. ನೀವು ಅದಕ್ಕಿಂತ ದುಬಾರಿಯದು ಆರಿಸಿದರೆ ವ್ಯತ್ಯಾಸ ಕೊಡುತ್ತೀರಿ, ಅಷ್ಟೇ.

ಲೇಬರ್ ಕಾಂಟ್ರಾಕ್ಟ್ ಒಳ್ಳೆಯದಾ, ಮೆಟೀರಿಯಲ್ ಸಮೇತ ಕೊಡುವುದಾ?

ದಿನಾ ಸೈಟಿಗೆ ಬಂದು ನಿಲ್ಲಲು ನಿಮ್ಮ ಮನೆಯಲ್ಲಿ ಒಬ್ಬರು ಇದ್ದರೆ ಲೇಬರ್ ಮಾತ್ರ ಕೊಡಬಹುದು. ನಿವೃತ್ತ ದೊಡ್ಡಪ್ಪ ಒಬ್ಬರು ಇದ್ದರೆ ಅವರಷ್ಟು ಒಳ್ಳೆಯ ಸೂಪರ್‌ವೈಸರ್ ನಮ್ಮಲ್ಲೂ ಇಲ್ಲ. ಒಂಟಿ ವಾಸದ ಮನೆಯೊಂದರ ಬರೀ ಕೂಲಿ ಗುತ್ತಿಗೆಗೆ ಜಿ.ಎಸ್‌.ಟಿ. ಇಲ್ಲ, ಸಾಮಾನು ಸಮೇತದ ಗುತ್ತಿಗೆಗೆ ಶೇ. 18 ಬೀಳುತ್ತದೆ. ಆದರೆ ಸಾಮಾನು ವ್ಯರ್ಥವಾದರೆ, ಸಿಮೆಂಟ್ ಮಳೆಗೆ ನೆಂದರೆ ನಷ್ಟ ನಿಮ್ಮದು. ಮಗ ಅಮೆರಿಕದಲ್ಲಿ, ಸೊಸೆ ಬೆಂಗಳೂರಿನಲ್ಲಿ, ಇಲ್ಲಿ ವಯಸ್ಸಾದವರು ಇಬ್ಬರೇ ಎಂದರೆ ಮೆಟೀರಿಯಲ್ ಸಮೇತ ಕೊಟ್ಟು, ಬಿಲ್ಲು ಪರೀಕ್ಷಿಸಲು ಬೇರೆ ಇಂಜಿನಿಯರ್ ಇಟ್ಟುಕೊಳ್ಳಿ.

ಒಬ್ಬನೇ ಗುತ್ತಿಗೆದಾರನಿಗೆ ಒಂದು ವರ್ಷದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಕೊಡುವುದಾದರೆ ನೀವು ವ್ಯಾಪಾರಸ್ಥರಲ್ಲದಿದ್ದರೂ ಟಿ.ಡಿ.ಎಸ್. (ಕೊಡುವ ಹಣದಲ್ಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯಬೇಕು. 2024ರ ಅಕ್ಟೋಬರ್ 1ರಿಂದ ಅದು ಶೇ. 2ಕ್ಕೆ ಇಳಿದಿದೆ. ನಿಮ್ಮ ಆಡಿಟರಿಗೆ ಮೊದಲೇ ಹೇಳಿಡಿ.

ಆರ್ಕಿಟೆಕ್ಟ್ ಡ್ರಾಯಿಂಗ್ ಕೊಟ್ಟಿದ್ದಾರೆ. ಮತ್ತೆ ಸ್ಟ್ರಕ್ಚರಲ್ ಇಂಜಿನಿಯರ್ ಯಾಕೆ?

ಆರ್ಕಿಟೆಕ್ಟ್ ಹಾಲ್‌ನಲ್ಲಿ ಕಂಬ ಬೇಡ ಅನ್ನುತ್ತಾರೆ, ಆ ಕಂಬವಿಲ್ಲದೆ ಸ್ಲ್ಯಾಬ್ ನಿಲ್ಲಿಸುವ ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರದ್ದು. ಎರಡೂ ಬೇಕು. ಕಂಬಿ ಕಟ್ಟುವ ಬಾರ್ ಬೆಂಡರ್ ‘ಇದಕ್ಕೆ ಹದಿನಾರು ಎಂ.ಎಂ. ಸಾಕು ಬಿಡಿ ಸರ್’ ಅಂದರೆ ಡ್ರಾಯಿಂಗ್ ತೋರಿಸಿ.

ವಾಸ್ತು ಪಾಲಿಸ್ತೀರಾ?

ಪಾಲಿಸುತ್ತೇವೆ. ಕಾಗದದ ಮೇಲೆ ಇರುವಾಗ. ನಿಮ್ಮ ಮನೆತನದವರು ನಂಬುವ ಪಂಡಿತರನ್ನೋ ಸ್ವಾಮೀಜಿಯವರನ್ನೋ ಪ್ಲಾನ್ ಹಂತದಲ್ಲೇ ಕೇಳಿ ಮುಗಿಸಿ. ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲ ನೆತ್ತಿಯವರೆಗೆ, ಗೋಡೆ ಬಂದ ಮೇಲೆ ಯಾರೋ ನೆಂಟರು ಬಂದು ಅಡಿಗೆ ಮನೆ ಆಗ್ನೇಯಕ್ಕೆ ಸರಿಯಾಗಿ ಕೂತಿಲ್ಲ ಎಂದರೆ, ಒಡೆದು ಕಟ್ಟುವ ಖರ್ಚು ನಿಮ್ಮದೇ. ಒಂದೇ ಕುಟುಂಬದಲ್ಲಿ ಇಬ್ಬರು ವಾಸ್ತು ಪಂಡಿತರು ಬೇಡ, ಇದು ಅನುಭವದ ಮಾತು.

ಎರಡು ಮಹಡಿ ಎತ್ತರದ ಹಾಲ್, ಮುಂದೆ ಪೂರ್ತಿ ಗಾಜು. ಬೆಂಗಳೂರಿನಲ್ಲಿ ನೋಡಿ ಬಂದಿದ್ದೇವೆ. ಇಲ್ಲೂ ಆಗುತ್ತಾ?

ಆಗುತ್ತದೆ, ಗಾಜು ಯಾವ ದಿಕ್ಕಿಗೆ ಎಂಬುದರ ಮೇಲೆ. ಬೆಂಗಳೂರಿನ ಸೆಕೆ ಬೇರೆ, ನಮ್ಮ ಊರಿನ ಏಪ್ರಿಲ್ ಬೇರೆ. ಪಶ್ಚಿಮಕ್ಕೆ ಗಾಜಿನ ಗೋಡೆ ನಿಲ್ಲಿಸಿದರೆ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಆ ಹಾಲ್‌ನಲ್ಲಿ ಯಾರೂ ಕೂರುವುದಿಲ್ಲ, ಎ.ಸಿ. ಮಾತ್ರ ಕೂತಿರುತ್ತದೆ. ಗಾಜು ಉತ್ತರಕ್ಕೆ ಕೊಡಿ. ಪೂರ್ವಕ್ಕಾದರೆ ಮುಂದೆ ಆಳದ ಸಜ್ಜಾ ಬರಲಿ. ಪಶ್ಚಿಮದ ಗೋಡೆಗೆ ಮೆಟ್ಟಿಲು, ಬಚ್ಚಲು, ಸ್ಟೋರ್ ತಳ್ಳಿ. ಅವು ಬಿಸಿಲು ಹೊತ್ತುಕೊಳ್ಳುತ್ತವೆ, ಮಲಗುವ ಕೋಣೆ ತಣ್ಣಗಿರುತ್ತದೆ.

ಎತ್ತರದ ಹಾಲ್ ಚೆಂದವೇ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗಲು ಮೇಲ್ಭಾಗದಲ್ಲಿ ತೆರೆಯುವ ಕಿಟಕಿ ಇರಬೇಕು, ಬರೀ ಫಿಕ್ಸೆಡ್ ಗಾಜಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಮಾಳಿಗೆಯ ಮೇಲಿದ್ದ ಗವಾಕ್ಷಿ ಮಾಡುತ್ತಿದ್ದ ಕೆಲಸ ಅದೇ. ಮತ್ತೆ ಆ ಎತ್ತರದ ಶಾಂಡಲಿಯರ್‌ನ ಧೂಳು ಒರೆಸುವವರು ಯಾರು ಎಂದು ಮನೆಯ ಹೆಂಗಸರನ್ನು ಒಮ್ಮೆ ಕೇಳಿ.

ತಾರಸಿಗೆ ಬಿಳಿ ಚೀನಾ ಮೊಸಾಯಿಕ್ ಹಾಕಿಸಿ. ಕೆಳಗಿನ ಕೋಣೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಅಣ್ಣ ತಮ್ಮಂದಿರು ಒಟ್ಟಿಗೆ ಇರುವ ಮನೆ, ಅವ್ವನಿಗೆ ಮಂಡಿ ನೋವು. ಪ್ಲಾನ್ ಹೇಗಿರಬೇಕು?

ಅವ್ವನ ಕೋಣೆಯಿಂದ ಶುರು ಮಾಡಿ. ನೆಲಮಹಡಿಯಲ್ಲಿ, ದೇವರ ಮನೆಗೂ ಹಾಲ್‌ಗೂ ಹತ್ತಿರ, ಬಾಗಿಲು ಮೂರು ಅಡಿ ಅಗಲ, ಬಚ್ಚಲ ಬಾಗಿಲೂ ಅಷ್ಟೇ. ಸಾಮಾನ್ಯವಾಗಿ ಬಚ್ಚಲಿಗೆ ಎರಡೂವರೆ ಅಡಿ ಬಾಗಿಲು ಕೂರಿಸುತ್ತಾರೆ, ನಾಳೆ ವೀಲ್‌ಚೇರ್ ಬಂದರೆ ಹಿಡಿಯುವುದಿಲ್ಲ. ನೆಲಕ್ಕೆ ಜಾರದ ಟೈಲ್ಸ್, ಗೋಡೆಗೆ ಹಿಡಿಕೆ.

ರ್‍ಯಾಂಪ್ ಮಾಡಿಸುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಪ್ಲಿಂತ್, ಅಂದರೆ ಅಂಗಳದಿಂದ ಮನೆಯ ನೆಲದ ಎತ್ತರ, ಎರಡು ಅಡಿ ಇದ್ದರೆ 24 ಅಡಿ, ನಲವತ್ತು ಅರವತ್ತರ ಸೈಟಿನಲ್ಲಿ ಕಾರು ನಿಲ್ಲಿಸಿದ ಮೇಲೆ ಅಷ್ಟು ಜಾಗ ಉಳಿಯುವುದು ಕಷ್ಟ. ಲಿಫ್ಟ್ ಹಾಕುವುದೇ ಆದರೆ ಅದು ಪಾರ್ಕಿಂಗ್ ಮಟ್ಟದಲ್ಲೇ ನಿಲ್ಲುವಂತೆ ಮಾಡಿ, ರ್‍ಯಾಂಪಿನ ಗೋಜೇ ಇಲ್ಲ. ಈಗ ದುಡ್ಡಿಲ್ಲದಿದ್ದರೂ ಲಿಫ್ಟಿನ ಗುಂಡಿ, ಸ್ಲ್ಯಾಬಿನಲ್ಲಿ ಜಾಗ ಬಿಟ್ಟು, ಸದ್ಯಕ್ಕೆ ಅಲ್ಲಿ ಕಪಾಟು ಮಾಡಿಕೊಳ್ಳಿ. ಮನೆ ಲಿಫ್ಟಿಗೂ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕು, ಕಂಪನಿಯವರು ಮಾಡಿಸಿಕೊಡುತ್ತಾರಾ ಎಂದು ಕೇಳಿ.

ಅಡಿಗೆ ಮನೆಯ ಬಗ್ಗೆ ಒಂದು ಮಾತು. ತೋರಿಸಲು ಮಾಡ್ಯುಲರ್ ಕಿಚನ್ ಇರಲಿ, ಅದರ ಹಿಂದೆ ರೊಟ್ಟಿ ತಟ್ಟಲು, ದೊಡ್ಡ ಪಾತ್ರೆ ಇಡಲು ಇನ್ನೊಂದು ಕೆಲಸದ ಅಡಿಗೆ ಮನೆ ಬೇಕು. ಹಳೇಪೇಟೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಮನೆ ತುಂಬ ನೆಂಟರು. ಹಿತ್ತಿಲಲ್ಲಿ ನಲ್ಲಿ, ಒಲೆ ಹೂಡಲು ಜಾಗ, ಹೊರಗೊಂದು ಟಾಯ್ಲೆಟ್ ಇಲ್ಲದ ‘ಲಗ್ಷುರಿ’ ಮನೆ ಆಗ ಪೇಚಿಗೆ ಸಿಲುಕುತ್ತದೆ.

ನಮ್ಮ ತೋಟದ ಸಾಗವಾನಿ ಇದೆ. ಬಾಗಿಲಿಗೆ ಆಗುತ್ತಾ?

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ತಪ್ಪದೆ ಕೇಳುತ್ತಾರೆ. ಮರ ಕುಯ್ಯುವ ಮೊದಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ಪಾಸು ಬೇಕು. ಸ್ವಂತ ಜಮೀನಿನದಾದರೂ ಬೇಕು. ಆಮೇಲೆ ಸಾ ಮಿಲ್ಲಿನಲ್ಲಿ ಸೀಳಿಸಿದಾಗ ಒಳಗಿನ ಗಟ್ಟಿ ಚೇಗು ಎಷ್ಟಿದೆ ನೋಡಿ. ಹದಿನೈದು ಇಪ್ಪತ್ತು ವರ್ಷದ ಮರದಲ್ಲಿ ಹೊರಗಿನ ಬಿಳಿ ಭಾಗ ಬಹಳ, ಗೆದ್ದಲಿಗೆ ಅದೇ ಹಬ್ಬದೂಟ. ಬಿಳಿ ಬಿಟ್ಟು ಚೇಗನ್ನಷ್ಟೇ ತೆಗೆದರೆ ಮುಂಬಾಗಿಲಿಗೂ ದೇವರ ಮನೆ ಬಾಗಿಲಿಗೂ ಸಾಕಾಗಬಹುದು. ಉಳಿದ ಚೌಕಟ್ಟಿಗೆ ಹೊನ್ನೆ, ಮತ್ತಿ ನೋಡಿ.

ಪಾಯ ಪೂಜೆ ದಿನವೇ ಹಲಗೆ ಸೀಳಿಸಿ ನೆರಳಿನಲ್ಲಿ, ನಡುವೆ ರೀಪು ಕೊಟ್ಟು ಅಟ್ಟಿ ಇಡಿ. ಬಾಗಿಲು ಕೂರಿಸುವ ಹೊತ್ತಿಗೆ ಒಣಗಿರುತ್ತದೆ. ಹಸಿ ಮರದ ಬಾಗಿಲು ಇಲ್ಲಿನ ಒಣ ಗಾಳಿಗೆ ಮಾರ್ಚ್‌ನಲ್ಲಿ ಬಿರುಕು ಬಿಟ್ಟು, ಆಗಸ್ಟ್‌ನಲ್ಲಿ ಚಿಲಕ ಹಾಕಲು ಆಗದಂತೆ ಉಬ್ಬುತ್ತದೆ.

ನೆಲಕ್ಕೆ ಇಟಾಲಿಯನ್ ಮಾರ್ಬಲ್ಲಾ, ಗ್ರಾನೈಟಾ?

ಹಾಲ್‌ಗೆ ಮಾರ್ಬಲ್ ಹಾಕಿ, ಮನಸ್ಸಿಗೆ ಬಂದರೆ. ಊಟದ ಜಾಗ, ಅಡಿಗೆ ಮನೆ, ದೇವರ ಮನೆಗೆ ಬೇಡ. ಮಾರ್ಬಲ್ ಸುಣ್ಣದ ಅಂಶದ ಕಲ್ಲು. ನಿಂಬೆ, ಹುಣಸೆ ರಸ ಬಿದ್ದರೆ ಹೊಳಪು ತಿಂದುಹಾಕುತ್ತದೆ, ಅರಿಶಿನ, ಎಣ್ಣೆ ಒಳಕ್ಕಿಳಿಯುತ್ತದೆ. ಗ್ರಾನೈಟಿಗೆ ಈ ಭಯ ಕಡಿಮೆ. ಇಳಕಲ್ಲಿನ ಕೆಂಪು ಕಲ್ಲಿನ ಹೊಸ್ತಿಲು, ಮೆಟ್ಟಿಲಿಗೆ ಪಾಲಿಶ್ ಮಾಡದ ಸಾದರಹಳ್ಳಿ ಕಲ್ಲು ಹಾಕಿ ನೋಡಿ. ಕ್ಯಾಟಲಾಗಿನಲ್ಲಿ ಕಾಣದ ಗತ್ತು ಬರುತ್ತದೆ.

ಮೋಲ್ಡ್ (ಸ್ಲ್ಯಾಬಿನ ಕಾಂಕ್ರೀಟ್) ಹಾಕಿದ ಮೇಲೆ ಎಷ್ಟು ದಿನ ನೀರು ಹೊಡೆಯಬೇಕು?

ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ, ಹಾರುಬೂದಿ ಬೆರೆತ ಪಿ.ಪಿ.ಸಿ.ಗೆ, ಒಣ ಬಿಸಿ ಹವೆಯಲ್ಲಾದರೆ ಯಾವ ಸಿಮೆಂಟಿಗೂ, ಕನಿಷ್ಠ 10 ದಿನ ಎಂದು ಭಾರತೀಯ ಮಾನಕ 456 ಹೇಳುತ್ತದೆ. ನಾವು 14 ದಿನ ಸ್ಲ್ಯಾಬಿನ ಮೇಲೆ ಬದು ಕಟ್ಟಿ ನೀರು ನಿಲ್ಲಿಸುತ್ತೇವೆ. ಕಂಬಗಳಿಗೆ ಗೋಣಿ ಸುತ್ತಿ ಒದ್ದೆಯಾಗಿಡಬೇಕು, ಎಲ್ಲರೂ ಮರೆಯುವುದು ಕಂಬವನ್ನೇ. ಬೇಸಿಗೆಯಲ್ಲಿ ಮೋಲ್ಡ್ ಇದ್ದರೆ ನಸುಕಿನಲ್ಲೇ ಶುರು ಮಾಡಿ.

ಮಿಕ್ಸರ್ ಹತ್ತಿರ ನಿಂತು ಒಂದೇ ವಿಷಯ ನೋಡಿ: ನೀರಿನ ಡಬ್ಬ. ಎಂ20 ದರ್ಜೆಯ ಕಾಂಕ್ರೀಟಿಗೆ ಒಂದು ಚೀಲ ಸಿಮೆಂಟಿಗೆ 30 ಲೀಟರ್ ದಾಟಬಾರದು. ಸಲೀಸಾಗಿ ಹರಿಯಲಿ ಅಂತ ಕೂಲಿಯವರು ಪೈಪನ್ನೇ ಬಿಡುತ್ತಾರೆ, ಕಾಂಕ್ರೀಟಿನ ಶಕ್ತಿ ಅಲ್ಲೇ ಹರಿದು ಹೋಗುತ್ತದೆ. ಕಾಂಕ್ರೀಟಿಗೆ ಕೆಳಗಿನಿಂದ ಆಧಾರ ಕೊಟ್ಟ ಸೆಂಟ್ರಿಂಗ್ ಬಿಚ್ಚುವ ಅವಸರವೂ ಬೇಡ. ನಾಲ್ಕೂವರೆ ಮೀಟರ್ ದಾಟಿದ ಸ್ಲ್ಯಾಬಿಗೆ 14 ದಿನ, ಆರು ಮೀಟರ್ ದಾಟಿದ ಬೀಮಿಗೆ 21 ದಿನ ಸೆಂಟ್ರಿಂಗ್ ಕಂಬ ತೆಗೆಯುವಂತಿಲ್ಲ.

ನೀರಿನ ವ್ಯವಸ್ಥೆ?

ಊರಿಗೆ ರಾಜನಹಳ್ಳಿಯ ಕಡೆಯಿಂದ ತುಂಗಭದ್ರೆಯ ನೀರು, ಕುಂದವಾಡ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿಂದ ಭದ್ರಾ ನೀರು ಬರುತ್ತದೆ. ನಲ್ಲಿಯನ್ನೇ ನಂಬಿ ಸಂಪು ಚಿಕ್ಕದು ಮಾಡಬೇಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೆ ಎಂಟು ಜನರ ಮನೆಗೆ ಸಾವಿರ ಲೀಟರ್ ಮೀರುತ್ತದೆ. ಹತ್ತು ದಿನದ ನೀರು ಹಿಡಿಯುವ ಸಂಪು ಇರಲಿ. ಬೋರಿನ ಗಡಸು ನೀರನ್ನು ನೇರವಾಗಿ ದುಬಾರಿ ಶವರಿಗೆ ಕೊಟ್ಟರೆ ಬಿಳಿ ಉಪ್ಪು ಕಟ್ಟಿ ತೂತು ಮುಚ್ಚುತ್ತದೆ. ಎರಡು ಸಂಪು, ಎರಡು ಲೈನು ಮಾಡಿಸಿ.

ಎರಡು ಸಾವಿರ ಚದರ ಅಡಿ ತಾರಸಿ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ, ಸೋರಿಕೆ ಕಳೆದು ಸುಮಾರು 90 ಸಾವಿರ ಲೀಟರ್. ಅದನ್ನು ಚರಂಡಿಗೆ ಬಿಟ್ಟು ಟ್ಯಾಂಕರ್ ತರಿಸುವುದು ನಮಗಂತೂ ಅರ್ಥವಾಗದ ಶ್ರೀಮಂತಿಕೆ. ಎರೆ ಮಣ್ಣಿನಲ್ಲಿ ಇಂಗುಗುಂಡಿ ಮಾತ್ರ ಪಾಯದ ಪಕ್ಕ ಬೇಡ, ಸಂಪಿಗೇ ಹಾಯಿಸಿ.

ಅಜ್ಜನ ಕಾಲದ, ಮಣ್ಣು ಹೊದಿಸಿದ ಮಾಳಿಗೆ ಮನೆ. ಕೆಡವುವುದಾ, ಉಳಿಸಿಕೊಂಡು ಸರಿ ಮಾಡುವುದಾ?

ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಬೇಕು. ಮೊದಲು ಒಂದು ದಪ್ಪ ಸ್ಕ್ರೂಡ್ರೈವರ್, ಏಣಿ ತಗೊಂಡು ತೊಲೆಯ ತುದಿ ನೋಡುತ್ತೇವೆ. ತೊಲೆ ನಡುಮಧ್ಯೆ ಎಷ್ಟು ಗಟ್ಟಿಯಾಗಿ ಕಂಡರೂ, ಗೋಡೆಯೊಳಗೆ ಹೂತ ತುದಿಯಲ್ಲೇ ನೀರು ಸೋರಿ, ಗೆದ್ದಲು ಹತ್ತಿ ಪೊಳ್ಳಾಗಿರುತ್ತದೆ. ಚುಚ್ಚಿದರೆ ಸ್ಕ್ರೂಡ್ರೈವರ್ ಎರಡು ಇಂಚು ಸಲೀಸಾಗಿ ಇಳಿದರೆ ಆ ತೊಲೆ ಹೋಯಿತು. ಟಣ್ ಅಂದು ಹಿಂದಕ್ಕೆ ಬಂದರೆ ಇನ್ನೂ ಎರಡು ತಲೆಮಾರು ಬಾಳುತ್ತದೆ. ಆಮೇಲೆ ಜಂತಿ, ಕಂಬದ ನೆತ್ತಿಯ ಬೋದಿಗೆ, ಕಂಬದ ಬುಡದ ಕಲ್ಲು ನೋಡುತ್ತೇವೆ.

ಮಾಳಿಗೆಯ ಮೇಲೆ ವರ್ಷ ವರ್ಷ ಹಾಕಿದ ಕರಲು ಮಣ್ಣು ಒಂದಡಿ ದಪ್ಪ ಇದ್ದರೆ ಚದರ ಅಡಿಗೆ 45–50 ಕೆಜಿ ಭಾರ. ಐದು ಇಂಚಿನ ಆರ್.ಸಿ.ಸಿ. ಸ್ಲ್ಯಾಬ್ ಚದರ ಅಡಿಗೆ 30 ಕೆಜಿ ಒಳಗೇ. ಹಾಗಾಗಿ ‘ಮಣ್ಣಿನ ಗೋಡೆ ಸ್ಲ್ಯಾಬ್ ತಡೆಯಲ್ಲ’ ಅನ್ನುವುದು ಯಾವಾಗಲೂ ನಿಜವಲ್ಲ. ಆದರೆ ಗೋಡೆಯ ನೆತ್ತಿಯ ಮೇಲೆ ಸುತ್ತ ಕಾಂಕ್ರೀಟ್ ಬೆಲ್ಟ್ ಬರಬೇಕು. ಅದರ ಮೇಲೆ ಮತ್ತೊಂದು ಮಹಡಿ ಎನ್ನುವ ಮಾತು ಬೇಡ. ಮಹಡಿ ಬೇಕೇ ಬೇಕೆಂದರೆ ಹಳೆ ಗೋಡೆಗೆ ಭಾರ ಬೀಳದಂತೆ ಪಾಯದಿಂದಲೇ ಬೇರೆ ಕಂಬ ಎಬ್ಬಿಸಬೇಕು.

ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಬೇಡಿ. ಗೋಡೆಯೊಳಗಿನ ತೇವ ಹೊರಗೆ ಬರಲಾಗದೆ ಒಂದೆರಡು ವರ್ಷದಲ್ಲಿ ಹಾಳೆ ಹಾಳೆಯಾಗಿ ಕಳಚುತ್ತದೆ. ಸುಣ್ಣದ ಗಾರೆಯೇ ಸರಿ. ಗೊತ್ತಿರುವ ಗೌಂಡಿಗಳು ಕಡಿಮೆಯಾಗಿದ್ದಾರೆ, ಹುಡುಕಬೇಕು. ಹೊಸ ಬಚ್ಚಲು, ಟಾಯ್ಲೆಟ್ ಎಲ್ಲ ಹಳೆ ಗೋಡೆಯಿಂದ ದೂರ, ಹಿತ್ತಿಲ ಕಡೆ ಬೇರೆ ಪಾಯದ ಮೇಲೆ ಬರಲಿ.

ಕೆಡವುವುದೇ ಖಚಿತವಾದರೆ ಕಂಬ, ಬಾಗಿಲು, ತೊಲೆಗಳನ್ನು ಕೆಡವುವ ಗುತ್ತಿಗೆದಾರನಿಗೆ ಬಿಡಬೇಡಿ. ‘ಫ್ರೀಯಾಗಿ ಕೆಡವಿಕೊಡ್ತೀವಿ’ ಅನ್ನುವವರ ಲಾಭ ಆ ಮರದಲ್ಲೇ ಇದೆ.

ಸೋಲಾರ್, ವೈರಿಂಗ್?

ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ತಾರಸಿಯಿಂದ ಮೀಟರ್‌ವರೆಗೆ ಪೈಪು ಈಗಲೇ ಹೂತಿಡಿ. ಬಚ್ಚಲು, ಅಡಿಗೆ ಮನೆ ಲೈನಿಗೆ ಕರೆಂಟ್ ಸೋರಿದರೆ ತಾನೇ ಕಡಿದುಕೊಳ್ಳುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ ಇರಲೇಬೇಕು. ಗೋಡೆ ಪ್ಲಾಸ್ಟರ್ ಆಗುವ ಮುಂಚೆ ಪ್ರತಿ ಕೋಣೆಯ ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತದೆ.

ಗೃಹಪ್ರವೇಶದ ಮುಹೂರ್ತ ಇಟ್ಟಾಯಿತು. ಅಷ್ಟರೊಳಗೆ ಮುಗಿಸಿಕೊಡಿ.

ಪೂಜೆಗೆ ಬೇಕಾದ್ದು ಮುಗಿಸಿಕೊಡುತ್ತೇವೆ: ದೇವರ ಮನೆ, ಅಡಿಗೆ ಮನೆ, ಹಾಲ್, ಒಂದು ಬಚ್ಚಲು. ಉಳಿದದ್ದನ್ನು ಆಮೇಲೆ ಮಾಡೋಣ. ಪ್ಲಾಸ್ಟರ್ ಒಣಗಲು ತಿಂಗಳಾದರೂ ಬೇಕು. ಒದ್ದೆ ಗೋಡೆಗೆ ಪುಟ್ಟಿ ಬಳಿದು ಮುಹೂರ್ತಕ್ಕೆ ಹೊಳೆಯುವಂತೆ ಮಾಡಿದರೆ ವರ್ಷ ತುಂಬುವುದರೊಳಗೆ ಅದು ಸಿಪ್ಪೆ ಏಳುತ್ತದೆ. ಬಚ್ಚಲಿನ ವಾಟರ್‌ಪ್ರೂಫಿಂಗ್ ಆದ ಮೇಲೆ ಎರಡು ದಿನ ನೀರು ನಿಲ್ಲಿಸಿ ಕೆಳಗಿನ ಸ್ಲ್ಯಾಬ್ ನೋಡುವುದನ್ನು ಮಾತ್ರ ಯಾವ ಮುಹೂರ್ತಕ್ಕೂ ಬಿಡುವುದಿಲ್ಲ.

ಕಾಂಪೌಂಡ್ ಒಳಗೆ ಯಾವ ಗಿಡ ಹಾಕಬಹುದು?

ಎರೆ ಮಣ್ಣಿನಲ್ಲಿ ದೊಡ್ಡ ಮರ ಪಾಯದ ಹತ್ತಿರ ಬೇಡ. ಬೇರು ಒಂದು ಕಡೆಯ ನೀರನ್ನೆಲ್ಲ ಹೀರಿ ಆ ಮೂಲೆಯ ಮಣ್ಣು ಕುಗ್ಗುತ್ತದೆ. ಬೇವು, ಹೊಂಗೆ ಗೇಟಿನಾಚೆ ರಸ್ತೆ ಬದಿಗೆ ನೆಡಿ, ರಸ್ತೆ ಪಶ್ಚಿಮಕ್ಕಿದ್ದರೆ ನೆರಳೂ ಆಯಿತು. ಒಳಗೆ ದಾಸವಾಳ, ಮಲ್ಲಿಗೆ, ಕರಿಬೇವು ಸಾಕು. ಗೋಡೆಗೆ ತಾಗಿ ಲಾನ್ ಮಾಡಿಸಿ ದಿನಾ ನೀರು ಬಿಡುವುದೂ ಬೇಡ. ಮನೆ ಸುತ್ತ ನಾಲ್ಕಡಿ ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ ಕಲ್ಲು ಹಾಸಿ, ಅದರಾಚೆ ಹುಲ್ಲು ಬೆಳೆಸಿ.